ಗಂಗಾವತಿಯ ಒಣಸೀಗಡಿ, ಸಮುದ್ರದ ನಕ್ಷೆ

"ಇದು ಎಲ್ಲಿಂದ ಬರ್ತೈತಿ ಯಕ್ಕಾ?" ಗಂಗಾವತಿ ಸಂತೆಯಲ್ಲಿ ಒಣಸೀಗಡಿ ಮಾರುವವರನ್ನು ಕೇಳಿದೆ. "ಕಾರವಾರದ ಕಡಿಂದ್ರಿ" ಅಂದರು. ಕಡಲಿಗೆ ಹೋಗಿ ಬಲೆ ಬೀಸಿದವರು ಗಂಡಸರು. ಮರಳಿನ ಮೇಲೆ ಹರವಿ, ತಿರುವಿ, ಕಾಗೆ ಓಡಿಸಿ ಒಣಗಿಸುವವರು ಹೆಚ್ಚಾಗಿ ಹೆಂಗಸರು. ನಮಗೆ ಕಣ ಹೇಗೋ ಅವರಿಗೆ ಆ ದಡ ಹಾಗೆ. ದೂರದಿಂದ ನೋಡಿದವರಿಗೆ ಮಾತ್ರ ಅದು ಖಾಲಿ ಮರಳು. ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಕಾಮಗಾರಿ ಬಂದಾಗ ಈ ಹೆಂಗಸರೂ ಬೀದಿಗಿಳಿದದ್ದು ಸುಮ್ನೆ ಅಲ್ಲ.

ಈಗ ಸಮುದ್ರಕ್ಕೂ ನಕ್ಷೆ ಬರೆಯುತ್ತಿದ್ದಾರೆ. ಹಡಗು ಎಲ್ಲಿ, ಗಾಳಿಯಂತ್ರ ಎಲ್ಲಿ, ಮೀನು ಹಿಡಿಯುವುದು ಎಲ್ಲಿ, ಯಾವ ಜಾಗ ಮುಟ್ಟಬಾರದು ಅಂತ ಮೊದಲೇ ಗುರುತು ಹಾಕುವ ಕೆಲಸ ಇದು. ನಮ್ಮಲ್ಲಿ ನಾರ್ವೆಯ ಜೊತೆ ಸೇರಿ ಪುದುಚೇರಿ, ಲಕ್ಷದ್ವೀಪದಲ್ಲಿ ಶುರುವಾಗಿದೆ. ಬೇಕಾದ ಕೆಲಸವೇ. ಆದರೆ ಲೆಕ್ಕ ಬರುವುದು ದೋಣಿಯ ನೋಂದಣಿಯಿಂದ, ಜಿಪಿಎಸ್‌ನಿಂದ, ಬಂದರಲ್ಲಿ ಇಳಿದ ಮೀನಿನ ತೂಕದಿಂದ. ನೀರು ಇಳಿದಾಗ ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ಬಗ್ಗಿ ಚಿಪ್ಪಿ ಆಯ್ದು, ಅದನ್ನು ಮನೆಗೋ ಪಕ್ಕದ ಪೇಟೆಗೋ ಒಯ್ಯುವ ಹೆಂಗಸು ಈ ಮೂರರಲ್ಲಿ ಯಾವುದಕ್ಕೂ ಸಿಗುವುದಿಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ ಪ್ರಪಂಚದ ಹೆಂಗಸರು ಸಮುದ್ರದಿಂದ ವರ್ಷಕ್ಕೆ ಸುಮಾರು 29 ಲಕ್ಷ ಟನ್ ಮೀನು, ಚಿಪ್ಪಿ ಹಿಡಿಯುತ್ತಾರೆ. ಇಷ್ಟು ಜಾಸ್ತಿ ಇದ್ದದ್ದು ಕಣ್ಣಿಗೇ ಬೀಳಲಿಲ್ಲ ಅಲ್ವಾ!

ಆನೆಗುಂದಿಯಲ್ಲಿ ತುಂಗಭದ್ರೆಯ ನಕ್ಷೆ ಬರೆಸಿ ನೋಡಿ. ಹರಿಗೋಲು ಹಾಕುವವರು ಮಡು, ಸುಳಿ ತೋರಿಸುತ್ತಾರೆ. ಬಟ್ಟೆ ಒಗೆಯುವ ಅವ್ವ ಯಾವ ಕಲ್ಲು ಜಾರುತ್ತದೆ, ಡ್ಯಾಮಿನ ನೀರು ಬಿಟ್ಟರೆ ಯಾವ ಮೆಟ್ಟಿಲು ಮುಳುಗುತ್ತದೆ ಅಂತ ಹೇಳುತ್ತಾಳೆ. ಒಬ್ಬರನ್ನೇ ಕೇಳಿದರೆ ಅರ್ಧ ಹೊಳೆ ಸಿಗುತ್ತದೆ.

ಅರ್ಧ ನಕ್ಷೆ ಇಟ್ಟುಕೊಂಡು ಮಾಡಿದರೆ ಸಂರಕ್ಷಣೆಯೂ ನೋವು ಕೊಡುತ್ತದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಬಂತು. ಅಲ್ಲಿ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಹೆಂಗಸರು ತಮ್ಮ ಜಾಗದಲ್ಲೇ ತಪ್ಪಿತಸ್ಥರಾದರು. ತಿಂಗಳಿಗೆ ಇಷ್ಟೇ ದಿನ ಕೀಳೋಣ, ಪಾಚಿ ಮತ್ತೆ ಬೆಳೆಯಲಿ ಅಂತ ಕಟ್ಟು ಹಾಕಿಕೊಂಡವರೂ ಅವರೇ.

ನಕ್ಷೆ ಬರೆಯುವ ಸಭೆಗೆ ಈ ಹೆಂಗಸರನ್ನು ಕರೆದರೆ ಸಾಕೇ? ಕಡಲ ನೀರು ಇಳಿಯುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇಳಿದ ನೀರು ಆರು ದಿನ ಕಳೆದರೆ 11ಕ್ಕೆ ಇಳಿಯುತ್ತದೆ. ಆ ದಿನ 11ಕ್ಕೇ ಸಭೆ ಇಟ್ಟರೆ ಚಿಪ್ಪಿ ಆಯುವವರು ಯಾರೂ ಬರುವುದಿಲ್ಲ, ಬಂದರೆ ಕೂಲಿ ಹೋಗುತ್ತದೆ. ಉಬ್ಬರ ಇಳಿತದ ಪಟ್ಟಿ ವರ್ಷಕ್ಕೆ ಮುಂಚೆಯೇ ಅಚ್ಚಾಗಿರುತ್ತದೆ. ಅದನ್ನು ನೋಡಿ ನೀರು ತುಂಬಿರುವ ಹೊತ್ತಿಗೆ, ಅವರ ದಡದಲ್ಲೇ ಸಭೆ ಇಡಲಿ.