ತಿರುಗಿ ನೋಡದೆ ಬೆನ್ನ ಹಿಂದಿನವನನ್ನು ತಿವಿಯಬಹುದೇ?

ಪ್ರಶ್ನೆ: ಹಿಂದಿನಿಂದ ಬರುವವನನ್ನು ನೋಡದೆಯೇ ಕತ್ತಿಯಿಂದ ತಿವಿಯುವ ಪಟ್ಟು ಇಯಾಯ್ದೋದಲ್ಲಿ, ಅಂದರೆ ಒರೆಯಿಂದ ಕತ್ತಿ ಸೆಳೆದು ಕಡಿಯುವ ಜಪಾನಿ ಕಲೆಯಲ್ಲಿ, ಇದೆಯಲ್ಲವೇ?

ಹೊಸ ವಿದ್ಯಾರ್ಥಿಗಳ ತಂಡ ಬಂದಾಗಲೆಲ್ಲ ಮೊದಲ ವಾರವೇ ಈ ಪ್ರಶ್ನೆ ಬರುತ್ತದೆ. ಇಲ್ಲ. ಅಖಿಲ ಜಪಾನ್ ಕೆಂಡೋ ಒಕ್ಕೂಟ ರೂಪಿಸಿದ 12 ಕಟಾಗಳಲ್ಲಿ (ಕ್ರಮ ನಿಗದಿಯಾದ ಅಭ್ಯಾಸದ ಪಟ್ಟುಗಳಲ್ಲಿ) ಒಂದರಲ್ಲೂ ಇಲ್ಲ.

ಈ ಪಟ್ಟು ಕಾಣುವುದು ಸಿನಿಮಾದಲ್ಲಿ: ನಾಯಕ ಕತ್ತಿಯನ್ನು ಕೈಯಲ್ಲೇ ತಿರುವಿ ಕಂಕುಳಡಿಯಿಂದ ಹಿಂದಕ್ಕೆ ತೂರಿಸುತ್ತಾನೆ, ಹಿಂದಿದ್ದವನು ಕುಸಿಯುತ್ತಾನೆ. ಪರದೆಯ ಮೇಲೆ ಇದು ಸಾಧ್ಯ, ಏಕೆಂದರೆ ಹಿಂದಿನವನು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ನಿಜವಾದ ಎದುರಾಳಿ ಗೇಣುದ್ದ ಪಕ್ಕಕ್ಕೆ ಸರಿದರೂ ಮೊನೆ ಗಾಳಿಗೆ ಹೋಗುತ್ತದೆ. ಅಷ್ಟರಲ್ಲಿ ನಿಮ್ಮ ಕತ್ತಿ ನಿಮ್ಮ ಪಕ್ಕೆಗೇ ಅಂಟಿಕೊಂಡು, ತಡೆಯಲೂ ಬಾರದೆ ಕಡಿಯಲೂ ಬಾರದೆ ನಿಂತಿರುತ್ತದೆ.

'ಹಾಗಾದರೆ ತ್ಸುಕಾ-ಆತೆ?' ಎಂದು ಕೇಳುತ್ತೀರಿ, ಗೊತ್ತು. ನಾಲ್ಕನೆಯ ಕಟಾ ಅದು. ಎದುರಿಗೊಬ್ಬ, ಹಿಂದೊಬ್ಬ. ಎದುರಿನವನ ಎದೆಗುಳಿಗೆ ಕತ್ತಿಯ ಹಿಡಿಯ ತುದಿಯಿಂದ ಗುದ್ದುತ್ತೀರಿ. ಕೂಡಲೇ ಒರೆಯನ್ನು ಹಿಂದಕ್ಕೆ ಜಾರಿಸಿ ಅಲಗನ್ನು ಬಿಡಿಸುತ್ತೀರಿ. ಆಗ ಕತ್ತು ಹಿಂದಿನವನ ಕಡೆಗೆ ತಿರುಗುತ್ತದೆ, ಕಣ್ಣು ಅವನನ್ನು ಹಿಡಿಯುತ್ತದೆ, ಮೈ ಎಡಕ್ಕೆ ತೆರೆದುಕೊಳ್ಳುತ್ತದೆ, ಆಮೇಲೆ ತಿವಿತ. ನೋಡದೆ ತಿವಿದರೆ ಆ ಕಟಾ ತಪ್ಪು, ಅಷ್ಟೇ. ಎದುರಿನವನು ಚೇತರಿಸಿಕೊಳ್ಳುವ ಮುನ್ನ ಅವನತ್ತ ಮತ್ತೆ ತಿರುಗಿ ಮೇಲಿನಿಂದ ಕಡಿಯಬೇಕು. ಅವನನ್ನೂ ನೋಡಿಯೇ.

ಎರಡನೆಯ ಕಟಾದ ಹೆಸರೇ 'ಉಶಿರೋ', ಅಂದರೆ ಹಿಂದೆ. ಅಲ್ಲಿ ತಿವಿತವೇ ಇಲ್ಲ. ಮಂಡಿಯೂರಿ ಕುಳಿತಲ್ಲಿಂದ ಬಲಮಂಡಿಯ ಮೇಲೆ ಎಡಕ್ಕೆ ಪೂರ್ತಿ ತಿರುಗಿ, ಕಣತಲೆಗೆ ಅಡ್ಡವಾಗಿ ಕಡಿದು, ನಂತರ ನೇರವಾಗಿ ಇಳಿಸುವುದು.

ಇಲ್ಲಿ ಯಾರೂ ಕೇಳದ, ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಸಮುರಾಯಿಗಳು ಮನೆಯೊಳಗೆ ಹೋಗುವಾಗ ಉದ್ದ ಕತ್ತಿಯನ್ನು ಸೊಂಟದಿಂದ ತೆಗೆಯುತ್ತಿದ್ದರು. ಹಾಗಿರುವಾಗ ಅದನ್ನು ಸಿಕ್ಕಿಸಿಕೊಂಡೇ ಮಂಡಿಯೂರಿ ಅಭ್ಯಾಸ ಮಾಡುವುದೇಕೆ? ನಿಂತಾಗ ಪಾದಗಳು ನಮ್ಮ ತಪ್ಪನ್ನು ಮುಚ್ಚಿಡುತ್ತವೆ. ಕುಳಿತಾಗ ಸೊಂಟ ತಿರುಗದಿದ್ದರೆ ಏನೂ ತಿರುಗದು. ಹೆಗಲಿನಿಂದ ತಿರುಗಲು ಯತ್ನಿಸಿದವರು ಉಶಿರೋದ ಅರ್ಧದಲ್ಲೇ ವಾಲುತ್ತಾರೆ. ವಾಲಿದ್ದು ಎಲ್ಲಿಂದ ಎಂದು ನನಗೆ ಆ ಕ್ಷಣವೇ ಕಾಣುತ್ತದೆ.

ಅಭ್ಯಾಸಕ್ಕೆ ಕೂರುವಾಗ ಬಲಗಡೆಯವರಿಂದ ಸಾಕಷ್ಟು ದೂರವಿರಲಿ. ಎಡಕ್ಕೆ ತಿರುಗಿದಾಗ ಒರೆಯ ಬಾಲ ಬೀಸುವುದು ಅತ್ತಲೇ.