751ನೇ ಪುಟ ಹುಡುಕಿಕೊಂಡು

ಹತ್ತಿರ ಹತ್ತಿರ ಎಂಟು ಅಡಿ ಎತ್ತರದ ಹುಡುಗನೊಬ್ಬ ಕೈಯಲ್ಲಿ ಅಗ್ಗದ ಪೆಟ್ಟಿಗೆ ಹಿಡಿದು ಲೈಬ್ರರಿಗೆ ಬರುತ್ತಾನೆ. ಅವನ ಮನೆಯಲ್ಲೊಂದು ಹಳೇ ಮಾಟಮಂತ್ರದ ಪುಸ್ತಕವಿದೆ. ಅದು ಹರಿದಿದೆ. 751ನೇ ಪುಟದಲ್ಲಿ ಇರಬೇಕಾಗಿದ್ದ ಒಂದು ಮಂತ್ರ ಅದರಲ್ಲಿಲ್ಲ. ಲೈಬ್ರರಿಯಲ್ಲಿರುವ ಲ್ಯಾಟಿನ್ ಪ್ರತಿ ನೋಡಿ ಆ ಭಾಗವನ್ನು ತುಂಬಿಕೊಳ್ಳಬೇಕು ಅನ್ನುವುದು ಅವನ ಆಸೆ. ಗ್ರಂಥಪಾಲಕ ಅವನ ಭುಜದ ಮೇಲಿಂದ ಇಣುಕಿ ನೋಡಿ ಬೆಚ್ಚಿಬೀಳುತ್ತಾನೆ. ಪುಸ್ತಕವನ್ನು ಮನೆಗೆ ಒಯ್ಯಲು ಬಿಡುವುದಿಲ್ಲ. ಹುಡುಗ ಇನ್ನೊಂದು ದಿನ ರಾತ್ರಿ ಕದಿಯಲು ನುಗ್ಗುತ್ತಾನೆ, ಕಾವಲು ನಾಯಿಯ ಬಾಯಿಗೆ ಸಿಕ್ಕಿ ಸಾಯುತ್ತಾನೆ.

ಇದು ಎಚ್. ಪಿ. ಲವ್‌ಕ್ರಾಫ್ಟ್ 1928ರಲ್ಲಿ ಬರೆದ ಕಥೆ. ಪುಸ್ತಕದ ಹೆಸರು ‘ನೆಕ್ರೊನೊಮಿಕಾನ್’. ಅಂಥ ಪುಸ್ತಕ ಇರಲೇ ಇಲ್ಲ. ಆದರೆ ಆ ಹುಡುಗ ಮೊದಲು ಯಾವ್ಯಾವ ಲೈಬ್ರರಿಗಳಿಗೆ ಕಾಗದ ಬರೆದಿದ್ದ ಎಂದು ಕಥೆಯಲ್ಲಿ ಒಂದು ಪಟ್ಟಿ ಬರುತ್ತದೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ, ಹಾರ್ವರ್ಡ್, ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯ, ಮಿಸ್ಕಟಾನಿಕ್ ವಿಶ್ವವಿದ್ಯಾಲಯ. ಕೊನೆಯದೊಂದು ಮಾತ್ರ ಕಟ್ಟುಕಥೆ. ಉಳಿದ ನಾಲ್ಕೂ ನಿಜ. ಅಲ್ಲೇ ಇರುವುದು ಆತನ ಜಾಣತನ.

ಲವ್‌ಕ್ರಾಫ್ಟ್ ಅಮೆರಿಕದ ಪ್ರಾವಿಡೆನ್ಸ್ ಊರಿನವನು. 1890ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ. ಈ ಪುಸ್ತಕದ ಹೆಸರು ಮೊದಲು ಬಂದದ್ದು ಆತ 1922ರಲ್ಲಿ ಬರೆದ ಒಂದು ಕಥೆಯಲ್ಲಿ. ಜನ ಕೇಳತೊಡಗಿದ ಮೇಲೆ, 1927ರಲ್ಲಿ ಆತ ಅದಕ್ಕೊಂದು ‘ಇತಿಹಾಸ’ವನ್ನೇ ಬರೆದಿಟ್ಟ. ಯೆಮನ್ನಿನ ಸನಾ ಊರಿನ ಹುಚ್ಚು ಕವಿ ಅಬ್ದುಲ್ ಅಲ್‌ಹಜ್ರೆಡ್ ಅದನ್ನು ಬರೆದನಂತೆ. 738ರಲ್ಲಿ ಡಮಾಸ್ಕಸ್‌ನಲ್ಲಿ, ಹಾಡಹಗಲೇ, ಎಲ್ಲರ ಕಣ್ಣೆದುರು, ಕಾಣದ ಭೂತವೊಂದು ಅವನನ್ನು ಹಿಡಿದು ತಿಂದುಹಾಕಿತಂತೆ. 950ರಲ್ಲಿ ಗ್ರೀಕ್ ಅನುವಾದ, 1228ರಲ್ಲಿ ಲ್ಯಾಟಿನ್, 1232ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿಯಿಂದ ನಿಷೇಧ. ಎಲ್ಲಕ್ಕೂ ತಾರೀಖು ಇದೆ. ತಾರೀಖು ಕಂಡರೆ ನಮಗೆ ನಂಬಿಕೆ ಜಾಸ್ತಿ, ಅಲ್ವಾ?

ಕವಿಯ ಹೆಸರು ಅರೇಬಿಕ್ ಬಲ್ಲವರಿಗೆ ನಗು ತರಿಸುತ್ತದೆ. ‘ಅಬ್ದುಲ್’ನಲ್ಲೇ ಒಂದು ‘ಅಲ್’ (ಇಂಗ್ಲಿಷಿನ ‘ದ’ ಇದ್ದ ಹಾಗೆ) ಅಡಗಿದೆ, ಅದರ ಹಿಂದೆಯೇ ಇನ್ನೊಂದು ‘ಅಲ್’ ಬಂದು ಕೂತಿದೆ. ಲವ್‌ಕ್ರಾಫ್ಟ್ ಸುಮಾರು ಐದು ವರ್ಷದ ಹುಡುಗನಾಗಿದ್ದಾಗ ಅರೇಬಿಯನ್ ನೈಟ್ಸ್ ಓದಿ ಮರುಳಾಗಿ, ಆಟಕ್ಕೆಂದು ಇಟ್ಟುಕೊಂಡಿದ್ದ ಹೆಸರದು.

ಲ್ಯಾಟಿನ್ ಅನುವಾದಕ ಎಂದು ಹೇಳಿದ ಓಲಾಸ್ ವೋರ್ಮಿಯಸ್ ಮಾತ್ರ ನಿಜವಾಗಿ ಬದುಕಿದ್ದ ಮನುಷ್ಯ. ಓಲೆ ವೋರ್ಮ್, ಡೆನ್ಮಾರ್ಕಿನ ವೈದ್ಯ. ಆದರೆ ಹುಟ್ಟಿದ್ದು 1588ರಲ್ಲಿ. ಲವ್‌ಕ್ರಾಫ್ಟ್ ಅವನನ್ನು ಮುನ್ನೂರು ಚಿಲ್ಲರೆ ವರ್ಷ ಹಿಂದಕ್ಕೆ ಎಸೆದ. ನಿಜವಾದ ವೋರ್ಮ್‌ಗೂ ಮಾಟಕ್ಕೂ ಎಣ್ಣೆ ಸೀಗೆಕಾಯಿ. ಯೂರೋಪಿನ ರಾಜರು ಚಿನ್ನದ ಬೆಲೆ ಕೊಟ್ಟು ಕೊಳ್ಳುತ್ತಿದ್ದ ‘ಒಂಟಿಕೊಂಬಿನ ಕುದುರೆಯ ಕೊಂಬು’ ಅಸಲಿಗೆ ಉತ್ತರ ಧ್ರುವದ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲ ಜಾತಿಯ ಪ್ರಾಣಿಯ ಹಲ್ಲು ಎಂದು, ತಲೆಬುರುಡೆಯನ್ನೇ ಇಟ್ಟುಕೊಂಡು ತೋರಿಸಿಕೊಟ್ಟವನು ಅವನು. ನಮ್ಮ ತಲೆಬುರುಡೆಯ ಹೊಲಿಗೆಗಳ ನಡುವೆ ಕೆಲವರಿಗೆ ಪುಟ್ಟ ಹೆಚ್ಚುವರಿ ಮೂಳೆಗಳಿರುತ್ತವೆ. ಅವಕ್ಕೆ ಇಂದಿಗೂ ‘ವೋರ್ಮಿಯನ್ ಮೂಳೆ’ ಎಂದೇ ಹೆಸರು. ಮೂಢನಂಬಿಕೆ ಬಿಡಿಸಿದವನ ತಲೆಗೇ ಮಾಟದ ಪುಸ್ತಕ ಕಟ್ಟಿದರು, ಪಾಪ.

ಮೊನ್ನೆ ನನ್ನ ಅಕ್ಕನ ಮಗ ಫೋನಿನಲ್ಲಿ ಕಪ್ಪು ರಟ್ಟಿನ ಪುಸ್ತಕವೊಂದನ್ನು ತೋರಿಸಿ, “ಮಾಮ, ಇದು ನಿಜವಾದ್ದಾ? ದುಡ್ಡು ಕೊಟ್ರೆ ಸಿಗುತ್ತೆ ನೋಡು” ಅಂದ. ಸಿಗುತ್ತದೆ, ನಿಜ. 1973ರಲ್ಲಿ ಒಬ್ಬರು ಅರೇಬಿಕ್ ಥರ ಕಾಣುವ, ಅರ್ಥವಿಲ್ಲದ ಗೀಚು ಲಿಪಿಯಲ್ಲಿ ಒಂದು ‘ಮೂಲ ಪ್ರತಿ’ ಅಚ್ಚು ಹಾಕಿಸಿದರು. ಅವವೇ ಕೆಲವು ಪುಟಗಳು ಮತ್ತೆ ಮತ್ತೆ ಬರುತ್ತವೆ. 1977ರಲ್ಲಿ ‘ಸೈಮನ್’ ಎಂಬ ಹೆಸರಿನಲ್ಲಿ ಇನ್ನೊಂದು ಬಂತು. ನನ್ನ ಅಳಿಯ ತೋರಿಸಿದ್ದು ಅದನ್ನೇ. ಇರಾಕ್ ಭಾಗದ ಪ್ರಾಚೀನ ಸುಮೇರಿಯಾದ ಪುರಾಣಗಳಿಂದ ಒಂದಿಷ್ಟು ಎತ್ತಿಕೊಂಡು ಹೊಲಿದ ಕೌದಿ ಅದು.

ಅದೇ 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರ ಬಿಟ್ಟು ಮೂರು ಸಲ, ಪ್ರತಿ ಸಲ 60 ಹೇಳಿಕೆಗಳನ್ನು ಕೇಳಿಸಿ, ಇವು ಎಷ್ಟು ನಿಜ ಅನ್ನಿಸುತ್ತವೆ ಎಂದು ಕೇಳಿದರು. ಅದರಲ್ಲಿ 20 ಹೇಳಿಕೆಗಳು ಮೂರೂ ಸಲ ಬಂದವು. ಅವು ಸರಿಯೋ ತಪ್ಪೋ, ಪ್ರತಿ ಸಲ ಕೇಳಿದಾಗಲೂ ಇನ್ನಷ್ಟು ನಿಜ ಅನ್ನಿಸತೊಡಗಿದವು. ಮಿದುಳಿಗೆ ಕೇಳಿದ ಮಾತು ಉಳಿಯುತ್ತದೆ, ಎಲ್ಲಿ ಕೇಳಿದ್ದು ಅನ್ನುವುದು ಬೇಗ ಅಳಿಸಿಹೋಗುತ್ತದೆ. ಪರಿಚಯವಿದ್ದದ್ದು ನಿಜ ಅನ್ನಿಸುತ್ತದೆ.

ಲವ್‌ಕ್ರಾಫ್ಟ್‌ಗೆ ಈ ಪ್ರಯೋಗ ಗೊತ್ತಿರಲು ಸಾಧ್ಯವಿಲ್ಲ, ಆದರೆ ಕೈಗುಣ ಗೊತ್ತಿತ್ತು. ತನ್ನ ಪುಸ್ತಕದ ಹೆಸರನ್ನು 16 ಮತ್ತು 17ನೇ ಶತಮಾನದ ಅಸಲಿ ಭೂತವಿದ್ಯೆಯ ಪುಸ್ತಕಗಳ ಪಕ್ಕದಲ್ಲೇ, ಏನೂ ಆಗಿಲ್ಲವೆಂಬಂತೆ, ತೂರಿಸುತ್ತಿದ್ದ. ಗೆಳೆಯರೂ ತಮ್ಮ ಕಥೆಗಳಲ್ಲಿ ಅದನ್ನು ಬಳಸಿದರು, ಅವರು ಕಟ್ಟಿದ ಪುಸ್ತಕಗಳನ್ನು ಈತ ಬಳಸಿದ. ಹತ್ತು ಕಡೆ ಅದೇ ಹೆಸರು ಕಂಡರೆ ಓದುಗ ಏನೆಂದುಕೊಳ್ಳಬೇಕು ಹೇಳಿ. ಪತ್ರ ಬರೆದು ಕೇಳಿದವರಿಗೆ ಮಾತ್ರ ಆತ ‘ನಾನೇ ಕಟ್ಟಿದ್ದು’ ಎಂದು ಒಪ್ಪಿಕೊಳ್ಳುತ್ತಿದ್ದ. ಕಾಮಿಕ್ಸಿಗೂ ಈ ಗೀಳು ಹತ್ತಿತು. ಮಾರ್ವೆಲ್‌ನ ‘ಡಾರ್ಕ್‌ಹೋಲ್ಡ್’ ಎಂಬ ಮಾಟದ ಪುಸ್ತಕ 1972ರಿಂದ ಇದೆ. ಬ್ಯಾಟ್‌ಮ್ಯಾನ್ ಕಥೆಗಳ ಹುಚ್ಚಾಸ್ಪತ್ರೆ ಆರ್ಕಮ್‌ಗೆ ಆ ಹೆಸರು ಬಂದದ್ದು ಮಿಸ್ಕಟಾನಿಕ್ ಇರುವ ಕಲ್ಪಿತ ಊರಿನಿಂದ.

ಈಗ ಆ ಹುಡುಗನ ಪಟ್ಟಿ ಹಿಡಿದು ಒಂದು ಸುತ್ತು ಹಾಕೋಣ.

ಮೊದಲು ಲಂಡನ್. ಹುಡುಗನ ಕೈಯಲ್ಲಿದ್ದ ಹರಿದ ಪ್ರತಿ ಜಾನ್ ಡೀ ಮಾಡಿದ ಇಂಗ್ಲಿಷ್ ಅನುವಾದ ಎನ್ನುತ್ತದೆ ಕಥೆ. ಡೀ ಕೂಡ ನಿಜವಾದ ವ್ಯಕ್ತಿ. ರಾಣಿ ಮೊದಲನೇ ಎಲಿಜಬೆತ್ ಕಾಲದ ಗಣಿತಜ್ಞ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕ ಮೊದಲ ಬಾರಿ ಇಂಗ್ಲಿಷಿಗೆ ಬಂದಾಗ, 1570ರಲ್ಲಿ, ಮುನ್ನುಡಿ ಬರೆದವನು. ದೇವತೆಗಳ ಜೊತೆ ಮಾತಾಡುತ್ತೇನೆ ಎಂದು ನಂಬಿದ್ದವನೂ ಹೌದು. ಅವನದ್ದೆಂದು ಹೇಳಲಾಗುವ ಒಂದು ಕಪ್ಪು ಕನ್ನಡಿ 1966ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜ್ವಾಲಾಮುಖಿಯ ಲಾವಾ ಬೇಗ ತಣಿದಾಗ ಆಗುವ ಗಾಜಿನಂಥ ಕಲ್ಲನ್ನು, ಅಬ್ಸಿಡಿಯನ್ ಅನ್ನು, ಉಜ್ಜಿ ಮಾಡಿದ್ದು. ಅದರ ಮೇಲೆ ಎಕ್ಸ್‌ರೇ ಬಿಟ್ಟರೆ ಒಳಗಿರುವ ಒಂದೊಂದು ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ಹೊರಹಾಕುತ್ತದೆ. ಕಲ್ಲಿಗೆ ಗೀರು ಕೂಡ ಬೀಳುವುದಿಲ್ಲ. ಹಾಗೆ ನೋಡಿದಾಗ ಯಾವ ಧಾತು ಎಷ್ಟಿದೆ ಅನ್ನುವ ಲೆಕ್ಕ ಮೆಕ್ಸಿಕೋದ ಪಚುಕಾ ಬೆಟ್ಟಗಳ ಕಲ್ಲಿಗೆ ಹೊಂದಿತು. 2021ರಲ್ಲಿ ಇದು ಪ್ರಕಟವಾಯಿತು. ಲಂಡನ್ನಿನಲ್ಲಿ ದೇವತೆಗಳನ್ನು ಕರೆಯುವ ಕನ್ನಡಿ ಎನಿಸಿಕೊಂಡದ್ದು ಅಜ್‌ಟೆಕ್ ಜನರ ಕೈಕೆಲಸ.

ಪ್ಯಾರಿಸ್ಸಿನಲ್ಲಿ ಮುಟ್ಟಿದರೆ ಅಪಾಯವಾಗುವ ಪುಸ್ತಕಗಳು ನಿಜಕ್ಕೂ ಇವೆ. ಮೇರಿ ಕ್ಯೂರಿಯ ಪ್ರಯೋಗಾಲಯದ ನೋಟ್‌ಪುಸ್ತಕಗಳು. ಸೀಸದ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಆಕೆಯ ಬೆರಳಿನಿಂದ ಹಾಳೆಗೆ ಅಂಟಿದ, ವಿಕಿರಣ ಸೂಸುವ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಲವ್‌ಕ್ರಾಫ್ಟ್ ಆ ಪಟ್ಟಿ ಬರೆಯುವಾಗ ಕ್ಯೂರಿ ಇನ್ನೂ ಬದುಕಿದ್ದಳು.

ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ್ದು ಒಂದೇ ಮಾತು. ಇಲ್ಲದ ಪುಸ್ತಕಗಳ ಬಗ್ಗೆ ಬರೆಯುವುದರಲ್ಲಿ ಜಗತ್ತಿಗೇ ಮೇಷ್ಟ್ರಾಗಿದ್ದ ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ ಅಲ್ಲಿ ಪಾಠ ಹೇಳುತ್ತಿದ್ದರು.

ಹಾರ್ವರ್ಡ್‌ನಲ್ಲಿ ನಿಧಾನಿಸಬೇಕು. ಸಿನಿಮಾ ನೋಡಿದವರಿಗೆ ನೆಕ್ರೊನೊಮಿಕಾನ್ ಎಂದರೆ ಮನುಷ್ಯರ ಚರ್ಮದ ರಟ್ಟು. ಅದು ಬಂದದ್ದು ‘ಈವಿಲ್ ಡೆಡ್’ ಚಿತ್ರಗಳಿಂದ. ಆದರೆ ಹಾರ್ವರ್ಡ್‌ನ ಲೈಬ್ರರಿಗಳಲ್ಲೂ ಅಂಥವು ಎನ್ನಿಸಿಕೊಂಡ ಪುಸ್ತಕಗಳಿದ್ದವು. ಪರೀಕ್ಷೆ ಮಾಡುವುದು ಹೇಗೆ? ಚರ್ಮ ಹದ ಮಾಡುವಾಗಲೇ ಡಿಎನ್‌ಎ ಹಾಳಾಗಿರುತ್ತದೆ. ಮೇಲಾಗಿ ಅಷ್ಟು ವರ್ಷ ಮುಟ್ಟಿದವರ ಡಿಎನ್‌ಎಯೂ ಮೆತ್ತಿರುತ್ತದೆ. ಹಾಗಾಗಿ ಕೊಲಾಜೆನ್ ಎಂಬ ಪ್ರೋಟೀನನ್ನು ಹಿಡಿದರು. ಎಲ್ಲ ಪ್ರಾಣಿಗಳ ಚರ್ಮದಲ್ಲೂ ಅದಿದೆ, ಹದಕ್ಕೂ ಜಗ್ಗುವುದಿಲ್ಲ. ಅದು ಉದ್ದನೆಯ ಮಣಿಸರ ಇದ್ದ ಹಾಗೆ. ಒಂದೊಂದು ಪ್ರಾಣಿಯಲ್ಲಿ ಮಣಿಗಳ ಸಾಲು ತುಸು ಬೇರೆ. ಸಾಸಿವೆಯಷ್ಟು ಚೂರಿಗೆ ಒಂದು ಕಿಣ್ವ ಹಾಕಿದರೆ ಅದು ಸರವನ್ನು ಗೊತ್ತಾದ ಜಾಗಗಳಲ್ಲೇ ಕತ್ತರಿಸುತ್ತದೆ. ಆ ತುಂಡುಗಳನ್ನು ಒಂದೊಂದಾಗಿ ತೂಕ ಮಾಡುವ ಯಂತ್ರವಿದೆ. ತೂಕಗಳ ಪಟ್ಟಿ ನೋಡಿದರೆ ಇದು ಕುರಿಯೋ, ಹಸುವೋ, ಮನುಷ್ಯನೋ ಗೊತ್ತಾಗುತ್ತದೆ.

2014ರಲ್ಲಿ ಅಲ್ಲಿನ ಕಾನೂನು ಲೈಬ್ರರಿಯ 17ನೇ ಶತಮಾನದ ಪುಸ್ತಕವೊಂದಕ್ಕೆ ಈ ಪರೀಕ್ಷೆಯಾಯಿತು. ಇದು 1632ರಲ್ಲಿ ಜೀವಂತ ಚರ್ಮ ಸುಲಿಸಿಕೊಂಡ ನನ್ನ ಪ್ರೀತಿಯ ಗೆಳೆಯನದು ಎಂದು ಅದರ ಕೊನೇ ಪುಟದಲ್ಲಿ ಬರೆದಿದೆ. ಫಲಿತಾಂಶ: ಕುರಿ. ಅಂಟು ಹಸು ಮತ್ತು ಹಂದಿಯದು.

ಹಾರ್ವರ್ಡ್‌ನದೇ ಹೌಟನ್ ಲೈಬ್ರರಿಯ ಪುಸ್ತಕದ್ದು ಹಾಗಾಗಲಿಲ್ಲ. 19ನೇ ಶತಮಾನದ ಫ್ರೆಂಚ್ ಲೇಖಕನೊಬ್ಬ ಆತ್ಮದ ಬಗ್ಗೆ ಬರೆದ ಪುಸ್ತಕ ಅದು. 1934ರಲ್ಲಿ ಹಾರ್ವರ್ಡ್‌ಗೆ ಬಂದದ್ದು. 2014ರ ಪರೀಕ್ಷೆಯಲ್ಲಿ ಅದರ ರಟ್ಟು ಮನುಷ್ಯರದ್ದೇ ಎಂದು ತಿಳಿಯಿತು. ಅದಕ್ಕೆ ಆ ರಟ್ಟು ಹಾಕಿಸಿದವನು ಲುಡೋವಿಕ್ ಬುಲಾಂ ಎಂಬ ವೈದ್ಯ. ಮಾನಸಿಕ ಆಸ್ಪತ್ರೆಯಲ್ಲಿ ಸತ್ತ, ಯಾರೂ ಕೇಳಿಕೊಂಡು ಬಾರದ ಒಬ್ಬ ಹೆಂಗಸಿನ ಹೆಣದಿಂದ ತೆಗೆದ ಚರ್ಮವಂತೆ. ಒಪ್ಪಿಗೆಯ ಮಾತೇ ಇರಲಿಲ್ಲ. ಮನುಷ್ಯರ ಆತ್ಮದ ಪುಸ್ತಕಕ್ಕೆ ಮನುಷ್ಯರ ಹೊದಿಕೆಯೇ ಬೇಕು ಎಂದು ಅವನು ಒಳಗೆ ಒಂದು ಚೀಟಿ ಇಟ್ಟಿದ್ದಾನೆ. 2024ರಲ್ಲಿ ಹಾರ್ವರ್ಡ್ ಆ ಚರ್ಮವನ್ನು ಪುಸ್ತಕದಿಂದ ಬಿಚ್ಚಿತು. ಅದನ್ನು ಗೌರವದಿಂದ ಎಲ್ಲಿಗೆ, ಹೇಗೆ ಸೇರಿಸಬೇಕು ಎಂದು ವಿಚಾರ ಶುರುವಾಯಿತು. ಇಷ್ಟು ವರ್ಷ ಅದನ್ನು ಕುತೂಹಲದ ವಸ್ತುವಿನಂತೆ ತೋರಿಸಿದ್ದು ತಪ್ಪು ಎಂದೂ ಲೈಬ್ರರಿ ಒಪ್ಪಿಕೊಂಡಿತು.

ಹುಟ್ಟೇ ಇರದ ಹುಚ್ಚು ಕವಿಗೆ ಹೆಸರಿದೆ, ಊರಿದೆ, ಸತ್ತ ವರ್ಷವಿದೆ. ಡಾಕ್ಟರ ಚೀಟಿಯಲ್ಲಿ, ಇದು ಹೆಣ್ಣಿನ ಬೆನ್ನಿನ ಚರ್ಮ, ಗಮನವಿಟ್ಟು ನೋಡಿದರೆ ಚರ್ಮದ ಸಣ್ಣ ರಂಧ್ರಗಳೂ ಕಾಣುತ್ತವೆ ಎಂದಿದೆ. ಆಕೆಯ ಹೆಸರು ಇಲ್ಲ.