ಕಣ್ಣು ನೋಡಿ ಕೊಲೆಗಾರನನ್ನು ಹಿಡಿಯುವ ನಾಯಕಿ

ಪತ್ತೇದಾರಿ ಕಾದಂಬರಿ ಬರೆಯುವ ಹೊಸಬರು ಆಗಾಗ ಹಸ್ತಪ್ರತಿ ಕಳಿಸುತ್ತಾರೆ, ‘ಪೊಲೀಸ್ ಮನಶ್ಶಾಸ್ತ್ರಜ್ಞೆಯ ಪಾತ್ರ ಸರಿಯಾಗಿದೆಯಾ ನೋಡಿ ಮೇಡಂ’ ಅಂತ. ಪ್ರೀತಿಯಿಂದಲೇ ಓದುತ್ತೇನೆ. ಅರ್ಧ ದಾಟುವಷ್ಟರಲ್ಲಿ ಅದೇ ದೃಶ್ಯ ಎದುರಾಗುತ್ತದೆ: ಶಂಕಿತ ಕಣ್ಣು ತಪ್ಪಿಸುತ್ತಾನೆ, ಹಣೆ ಬೆವರುತ್ತದೆ, ನಾಯಕಿ ‘ಇವನೇ’ ಎಂದುಬಿಡುತ್ತಾಳೆ.

ಮುಖ ನೋಡಿ ಸುಳ್ಳು ಹಿಡಿಯಲು ನನ್ನಂಥ ಪೊಲೀಸ್ ಮನಶ್ಶಾಸ್ತ್ರಜ್ಞರಿಗೂ ಬರುವುದಿಲ್ಲ. ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲವಾದ್ದರಿಂದ ಲೆಕ್ಕವನ್ನೇ ಕೊಡುತ್ತೇನೆ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಸುಳ್ಳು ಹಿಡಿಯುವ ಬಗೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರ ತೀರ್ಪುಗಳು. ಸುಳ್ಳು ಯಾವುದು, ನಿಜ ಯಾವುದು ಎಂದು ಸರಿಯಾಗಿ ಹೇಳಿದ್ದು ಸರಾಸರಿ ಶೇಕಡಾ 54. ನಾಣ್ಯ ಚಿಮ್ಮಿದರೂ 50 ಬರುತ್ತದೆ! ಅನುಭವಿಗಳೂ ಹೆಚ್ಚೇನೂ ಮುಂದಿರಲಿಲ್ಲ. ಬೆವರು ಹೇಳುವುದು ಭಯವನ್ನು, ಸುಳ್ಳನ್ನಲ್ಲ. ಠಾಣೆಯಲ್ಲಿ ಕೂತ ನಿರಪರಾಧಿಗೂ ಭಯವಿರುತ್ತದೆ, ತನ್ನ ಮಾತನ್ನು ಯಾರೂ ನಂಬದಿದ್ದರೆ ಅಂತ.

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಹೆಂಡತಿಯನ್ನು ಕಳೆದುಕೊಂಡವರೊಬ್ಬರು ಎದುರಿಗೆ ಕೂತಿದ್ದರು. ಅಳಲಿಲ್ಲ. ಖಾಲಿ ಪೇಪರ್ ಲೋಟದ ಅಂಚನ್ನು ಉಗುರಿನಿಂದ ಬಿಡಿಸುತ್ತಾ, ಕೇಳಿದ್ದಕ್ಕೆಲ್ಲ ತಣ್ಣಗೆ ಉತ್ತರ ಕೊಡುತ್ತಿದ್ದರು. ತನಿಖಾಧಿಕಾರಿ ಹೊರಗೆ ಕರೆದು, ‘ಒಂದು ಹನಿ ಕಣ್ಣೀರಿಲ್ಲ ಮೇಡಂ, ಇವನದೇ ಕೆಲಸ’ ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ದಿನವನ್ನು ಬೆಳಗಿನಿಂದ ಅವರ ಬಾಯಿಂದಲೇ ಹೇಳಿಸಿ, ನಡುವೆ ತಡೆಯಬೇಡಿ, ನಿಮ್ಮ ಕೈಲಿರುವ ಸಾಕ್ಷ್ಯವನ್ನು ಈಗಲೇ ತೋರಿಸಬೇಡಿ ಎಂದೆ. ದಾರಿಯಲ್ಲಿ ಬಸ್ಸು ಕೆಟ್ಟಿದ್ದು, ಪಕ್ಕದವರ ಫೋನಿಂದ ಮನೆಗೆ ಕರೆ ಮಾಡಿದ್ದು, ಆ ಕಡೆ ಯಾರೂ ಎತ್ತದಿದ್ದದ್ದು, ಎಲ್ಲ ಬಂತು. ವಿಚಾರಿಸಿದರೆ ಒಂದೊಂದೂ ತಾಳೆಯಾಯಿತು. ಅಷ್ಟರಲ್ಲಿ ಲೋಟ ಚೂರುಚೂರಾಗಿತ್ತು.

ಈ ವಿಧಾನವೂ ರಾಮಬಾಣವಲ್ಲ. ವಿವರ ಹೆಚ್ಚಿದ್ದಷ್ಟೂ ತಾಳೆ ನೋಡಲು ಅನುಕೂಲ, ಅಷ್ಟೆ.

ಅಂದ ಹಾಗೆ, ನಮ್ಮ ಕೆಲಸದ ದೊಡ್ಡ ಪಾಲು ಪೊಲೀಸರ ಜೊತೆಗೇ. ಮಗುವಿನ ಶವ ಎತ್ತಿದ ರಾತ್ರಿಯಿಂದ ನಿದ್ದೆಯಿಲ್ಲದ ಕಾನ್‌ಸ್ಟೇಬಲ್ ಬಾಗಿಲಲ್ಲೇ ನಿಂತು, ‘ಇದು ಮೇಲಿನವರಿಗೆ ಗೊತ್ತಾಗುತ್ತಾ?’ ಎನ್ನುತ್ತಾನೆ. ಅವನನ್ನು ನಾನಿನ್ನೂ ಯಾವ ಹಸ್ತಪ್ರತಿಯಲ್ಲೂ ಕಂಡಿಲ್ಲ.

ಬರೆಯುವವರೇ, ಸುಳ್ಳು ಯಾರದೆಂದು ನಾಯಕಿಗೂ ಗೊತ್ತಿಲ್ಲದಿರಲಿ. ‘ಆಮೇಲೆ ಏನಾಯಿತು?’ ಎಂದು ಕೇಳಿ ಅವಳು ಸುಮ್ಮನೆ ಕೂರಲಿ. ಆ ಮೌನಕ್ಕೆ ಎರಡು ಪುಟ ಕೊಡಿ, ನಾನು ನಿದ್ದೆಗೆಟ್ಟು ಓದುತ್ತೇನೆ.